ಕೊಳ್ಳು ಹರಿಯುವ ಹೊತ್ತು

ಯುಗಾದಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಸಿಂದಗಿ, ಇಂಡಿ ಕಡೆಯ ಎರಿಹೊಲಗಳು ಬಯಲಾಗಿರುತ್ತವೆ. ಬಿಳಿಜೋಳ ಕಿತ್ತು, ರಾಶಿ ಮಾಡಿ, ಕಣಿಕೆಯ ಬಣವೆ ಒಟ್ಟಿ ಮುಗಿದಿರುತ್ತದೆ. ಹೋರಿ ಕಲಿಸಲು ಇದೇ ಹಂಗಾಮು. ನಸುಕಿನಲ್ಲೇ, ಬಿಸಿಲೇರುವ ಮುನ್ನ, ಎರಡು ಹಲ್ಲಿನ ಹೋರಿಯೊಂದನ್ನು ಹಳೆಯ ಎತ್ತಿನ ಜತೆ ಹೊಲಕ್ಕೆ ತರುತ್ತಾರೆ. ಹಳೆಯದು ವರ್ಷಗಟ್ಟಲೆ ದುಡಿದದ್ದು. ನೊಗ ಕಂಡರೆ ತಾನೇ ಕೊರಳು ಬಗ್ಗಿಸುತ್ತದೆ. ಹೊಸದು ಅದೇ ನೊಗ ಕಂಡು ಹಾವು ತುಳಿದ ಹಾಗೆ ಬೆದರುತ್ತದೆ.

ಮೊದಲ ದಿನ ಬರೀ ನೊಗ. ಆಮೇಲೆ ಹಗ್ಗಕ್ಕೆ ಕಟ್ಟಿದ ಜಾಲಿಯ ಕೊರಡು. ಚಕ್ಕಡಿಯ ಮಾತು ಇನ್ನೂ ದೂರ. ಕೊರಡು ನೆಲ ಕೆರೆದು ಸದ್ದು ಮಾಡಿದ್ದೇ ತಡ, ಹೋರಿ ಬಾಲ ಎತ್ತಿ ಓಡಲು ನೋಡುತ್ತದೆ. ಜೋಡಿಯ ಮುದಿ ಎತ್ತು ಮಾತ್ರ ನೆಟ್ಟ ಕಲ್ಲಿನ ಹಾಗೆ ನಿಂತಿರುತ್ತದೆ. ಅರ್ಧ ಪಾಠ ಹೇಳುವುದು ಅದೇ. ಮುಂದೆ ಮೂಗುದಾಣದ ಹಗ್ಗ ಹಿಡಿದ ಹುಡುಗ, ಹಿಂದೆ ಮುತ್ಯಾ. ಹುಡುಗ ಜಗ್ಗಿದಷ್ಟೂ ಹೋರಿ ಹಿಂದಕ್ಕೆ ಸರಿಯುತ್ತದೆ.

“ಜಗ್ಗಬ್ಯಾಡೊ ತಮ್ಮಾ. ಸಡ್ಲ ಬಿಡು. ಒಂದು ಹೆಜ್ಜಿ ಇಡ್ತದ. ಇಟ್ಟ ಕೂಡ್ಲೆ ಇನ್ನಷ್ಟು ಸಡ್ಲ ಬಿಡು.”

ಎತ್ತು, ಕುದುರೆ, ಒಂಟೆ ಯಾವುದನ್ನೇ ಪಳಗಿಸುವವರ ಕೈಯಲ್ಲಿ ಕಡೆಗೆ ಉಳಿಯುವ ಗುಟ್ಟು ಇಷ್ಟೇ. ಹಗ್ಗದ ಬಿಗಿ ಏನನ್ನೂ ಕಲಿಸುವುದಿಲ್ಲ. ಬಿಗಿ ಸಡಿಲಿದ ಆ ಗಳಿಗೆ ಕಲಿಸುತ್ತದೆ. ತಾನು ಹೆಜ್ಜೆ ಇಟ್ಟಿದ್ದಕ್ಕೇ ಮೂಗಿನ ನೋವು ನಿಂತಿತು ಎಂದು ಪ್ರಾಣಿಗೆ ಹೊಳೆಯಬೇಕು. ಸಡಿಲ ಬಿಡಲು ತಡಮಾಡುವವನ ಹೋರಿ ಹಟಮಾರಿಯಾಗುತ್ತದೆ, ಎಂದೂ ಬಿಡದವನದು ಹಾಯಲು ಕಲಿಯುತ್ತದೆ.

ಕೆಲಸದ ಮಟ್ಟಿಗೆ ಈ ತಿಳಿವಳಿಕೆ ಸಾಕು. ಆದರೆ ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ, ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ನಿಂತಿದೆ. ಆ ಹೋರಿಯನ್ನು ಮನೆಯಲ್ಲಿ ಕರೆಯುವುದು ‘ಬಸವಣ್ಣ’ ಎಂದು. ಹೊಸ್ತಿಲ ಬಳಿ ಬಂದರೆ ಹೆಣ್ಣುಮಕ್ಕಳು ಕಾಲಿಗೆ ನೀರು ಹಾಕಿ ಹಣೆಗೆ ಕುಂಕುಮ ಹಚ್ಚುತ್ತಾರೆ. ಅದೇ ಹಣೆಯ ಕೆಳಗಿನ ಮೂಗನ್ನು ಚುಚ್ಚಿ ದಾರ ಪೋಣಿಸಿದವರೂ ಅದೇ ಮನೆಯವರು. ದೇವರೆಂದ ಮೇಲೆ ನೊಗ ಹೇಗೆ? ನೊಗ ಇಟ್ಟ ಮೇಲೆ ದೇವರು ಹೇಗೆ?

ಬಸವ ಎಂಬುದು ವೃಷಭದ ತದ್ಭವ. 12ನೇ ಶತಮಾನದ ಬಸವಣ್ಣ ಹುಟ್ಟಿದ ಊರು ಬಾಗೇವಾಡಿ. ಅವನಿಂದಲೇ ಅದು ಬಸವನ ಬಾಗೇವಾಡಿ. ತಂದೆ ಮಾದರಸ, ತಾಯಿ ಮಾದಲಾಂಬಿಕೆ ನಂದಿಯ ವ್ರತ ಹಿಡಿದು ಮಗನನ್ನು ಪಡೆದರು ಎಂಬುದು ಪುರಾಣದ ಕಥೆ. ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ, ಭೀಮಕವಿ 1369ರಲ್ಲಿ ಕನ್ನಡದಲ್ಲಿ ಬರೆದ ಬಸವಪುರಾಣಗಳಿಗೆ ಬಸವಣ್ಣ ನಂದಿಯ ಅವತಾರವೇ. ಊರಿನ ಗುಡಿಯ ದೇವರು ಮೂಲನಂದೀಶ್ವರ, ಜಾತ್ರೆ ಶ್ರಾವಣದಲ್ಲಿ. ಮನುಷ್ಯನೊಬ್ಬನಿಗೆ ಎತ್ತಿನ ಹೆಸರಿಟ್ಟು, ಆಮೇಲೆ ಎತ್ತಿಗೆ ಆ ಮನುಷ್ಯನ ಹೆಸರಿಟ್ಟ ಊರು ಇದು.

ಇದರಲ್ಲಿ ಒಂದು ಇರುಸುಮುರುಸೂ ಇದೆ. ವಿಜಯಪುರದಲ್ಲಿ ವಕೀಲಿ ಮಾಡುತ್ತ ತಾಳೆಗರಿಗಳ ಬೆನ್ನುಹತ್ತಿದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸಿದ ಮೇಲೆ ಓದುಬಲ್ಲವರಿಗೆ ಬೇರೆಯೇ ಬಸವಣ್ಣ ಸಿಕ್ಕ: ಮಂತ್ರಿ, ಕವಿ, ಸಮಾಜವನ್ನು ತಿದ್ದಲು ಹೊರಟವನು. ಅಂಥ ಮನುಷ್ಯನನ್ನು ಎತ್ತು ಮಾಡಿ ಪೂಜಿಸುವುದು ಮೌಢ್ಯವೆಂದು ಸುಧಾರಕರು ಹೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಕಲ್ಲಿನ ಹಾವಿಗೊಂದು ಮರ್ಯಾದೆ, ಹರಿದಾಡುವ ಹಾವಿಗೆ ಇನ್ನೊಂದು ಎಂಬ ಇಬ್ಬಗೆಯನ್ನು ಎತ್ತಿ ತೋರಿಸಿದವನೇ ಬಸವಣ್ಣ. ಆ ಅಳತೆಗೋಲನ್ನು ನಂದಿಗೂ ಹಿಡಿದರೆ ಒಕ್ಕಲಿಗನ ಮನೆ ತಪ್ಪಿಸಿಕೊಳ್ಳುವಂತಿಲ್ಲ. ಗುಡಿಯಲ್ಲಿ ಕೂತ ಕಲ್ಲಿನ ನಂದಿಗೆ ನೊಗವಿಲ್ಲ, ಬಾರುಕೋಲಿನ ಪೆಟ್ಟಿಲ್ಲ. ಕೊಟ್ಟಿಗೆಯದಕ್ಕೆ ಎರಡೂ ಉಂಟು.

ಊರು ತನಗೆ ಗೊತ್ತಿಲ್ಲದೆಯೇ ಇದಕ್ಕೊಂದು ಏರ್ಪಾಟು ಮಾಡಿಕೊಂಡಿದೆ. ಗಂಡುಕರುಗಳಲ್ಲಿ ಒಂದನ್ನು ದೇವರಿಗೆಂದು ಬಿಡುತ್ತಾರೆ. ಅದು ಗೂಳಿ. ಅದಕ್ಕೆ ಮೂಗುದಾಣವಿಲ್ಲ, ಹಗ್ಗವಿಲ್ಲ. ಯಾರ ಹೊಲದ ಜೋಳಕ್ಕೆ ಬಾಯಿ ಹಾಕಿದರೂ ಬೈಯುವಂತಿಲ್ಲ. ಉಳಿದವುಗಳ ಬೀಜ ಒಡೆಸಿ ಎತ್ತು ಮಾಡುತ್ತಾರೆ. ಹಿಂದೆ ಇದಕ್ಕೆ ಕಲ್ಲು, ಕೋಲುಗಳೇ ಸಾಧನ. ಕರುವಿನ ಕೂಗು ಓಣಿಗೆಲ್ಲ ಕೇಳುತ್ತಿತ್ತು. ಈಗ ಪಶು ಆಸ್ಪತ್ರೆಯಲ್ಲಿ ಇಟಲಿಯ ಬುರ್ಡಿಜೊ ಎಂಬ ಪಶುವೈದ್ಯ ರೂಪಿಸಿದ ಇಕ್ಕಳದಿಂದ, ಚರ್ಮ ಕೊಯ್ಯದೆ, ನರ ಜಜ್ಜುತ್ತಾರೆ. ಒಂದೇ ತಾಯಿಯ ಎರಡು ಕರುಗಳಲ್ಲಿ ಒಂದು ಬದುಕೆಲ್ಲ ದೇವರಾಗಿ ತಿರುಗುತ್ತದೆ, ಇನ್ನೊಂದು ಬದುಕೆಲ್ಲ ನೊಗ ಹೊರುತ್ತದೆ. ಪೂಜೆಯನ್ನೂ ದುಡಿತವನ್ನೂ ಎರಡು ಮೈಗಳಿಗೆ ಹಂಚಿದರೆ ತಕರಾರು ಮುಗಿಯಿತೆಂದು ಊರು ಭಾವಿಸಿದಂತಿದೆ. ಮುಗಿಯಲಿಲ್ಲ. ಹಬ್ಬ ಬಂದಾಗ ಪೂಜೆ ಸಲ್ಲುವುದು ದುಡಿಯುವ ಎತ್ತಿಗೇ.

ಕುದುರೆಯ ಕಥೆ ಬೇರೆ. ಇಂಡಿ, ಸಿಂದಗಿ ತಾಲ್ಲೂಕುಗಳಿಗೆ ಭೀಮಾ ನದಿಯೇ ಗಡಿ. ಅದೇ ಭೀಮೆಯ ಹೆಸರು ಹೊತ್ತ ಭೀಮಥಡಿ ಎಂಬ ಗಿಡ್ಡ ಕುದುರೆ ಮೇಲ್ದಂಡೆಯ ಮಹಾರಾಷ್ಟ್ರದ್ದು. ಕುರಿಗಾರ ಧನಗರರು ಊರಿಂದೂರಿಗೆ ಹೋಗುವಾಗ ಬಿಡಾರ, ಮಕ್ಕಳು, ಕೋಳಿ ಸಮೇತ ಅದರ ಬೆನ್ನಿಗೇರಿಸುತ್ತಾರೆ. ಮರಾಠರ ಹಗುರ ದಂಡು ಓಡಾಡಿದ್ದೂ ಇಂಥ ತಟ್ಟುಗಳ ಮೇಲೆ. ಆದಿಲಶಾಹಿ ಬಾದಶಹರು ಅರಬಸ್ತಾನದ ದೊಡ್ಡ ಕುದುರೆಗಳನ್ನು ಹಡಗಿನಲ್ಲಿ ತರಿಸಿಕೊಂಡರು. ಬಡವನ ಪಾಲಿಗೆ ತಟ್ಟು. ವಿಜಯಪುರದ ರೈಲು ನಿಲ್ದಾಣದಿಂದ ಗೋಳಗುಮ್ಮಟಕ್ಕೆ ಪ್ರವಾಸಿಗಳನ್ನು ಒಯ್ಯುವ ಟಾಂಗಾಗಳಿಗೂ ಸಣ್ಣ ಕುದುರೆಗಳನ್ನೇ ಹೂಡುತ್ತ ಬಂದಿದ್ದಾರೆ.

ತಟ್ಟನ್ನು ಟಾಂಗಾಕ್ಕೆ ಹೊಂದಿಸುವುದು ಹೋರಿ ಕಲಿಸಿದ್ದಕ್ಕಿಂತ ನಾಜೂಕಿನ ಕೆಲಸ. ಎತ್ತು ಹೆಗಲಿನಿಂದ, ಇಣಿಯ ಮುಂದೆ ಕೂತ ನೊಗವನ್ನು ದೂಡುತ್ತದೆ. ಕುದುರೆ ಎದೆಯಿಂದ ದೂಡುತ್ತದೆ. ಎದೆಪಟ್ಟಿ ಒಂದು ಬೆರಳು ಮೇಲಕ್ಕೆ ಸರಿದರೂ ಉಸಿರುಗೊಳವೆ ಒತ್ತುತ್ತದೆ. ಎತ್ತಿಗೆ ಪಕ್ಕದಲ್ಲೊಂದು ಜೋಡಿ ಇರುತ್ತದೆ, ಟಾಂಗಾದ ಕುದುರೆ ಒಂಟಿ. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಅದಕ್ಕೆ ಸುತ್ತಲೂ ಕಾಣುತ್ತದೆ, ಬೆನ್ನ ಹಿಂದಿನ ಒಂದಿಷ್ಟು ಜಾಗ ಬಿಟ್ಟು. ಬಂಡಿ ಬಂದು ಕೂರುವುದು ಸರಿಯಾಗಿ ಆ ಜಾಗಕ್ಕೆ. ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿಯ ಬೆನ್ನಿಗೆ, ಅದು ಓಡಿದಷ್ಟೂ ಅಟ್ಟಿಸಿಕೊಂಡು ಬರುವ, ಗಡಗಡ ಸದ್ದು ಮಾಡುವ ವಸ್ತುವೊಂದನ್ನು ಕಟ್ಟುವ ಕೆಲಸವಿದು. ಆದ್ದರಿಂದಲೇ ಕಣ್ಣಪಟ್ಟಿ. ಆದ್ದರಿಂದಲೇ ಬಂಡಿಗೆ ಮೊದಲು ದಿನಗಟ್ಟಲೆ ಬರೀ ನಡಿಗೆ, ಆಮೇಲೆ ಹಿಂದಿನಿಂದ ಉದ್ದ ಲಗಾಮು ಹಿಡಿದು ನಡೆಸುವುದು, ಆಮೇಲೆ ಬೆನ್ನ ಹಿಂದೆ ಖಾಲಿ ಡಬ್ಬಿ, ಸರಪಳಿಗಳ ಸದ್ದು. ಸದ್ದಿಗೆ ಕಿವಿ ಹಿಂದಕ್ಕೆ ಮಡಚದೆ ಮುಂದಕ್ಕೆ ನಿಲ್ಲಿಸಿದ ದಿನ ಮೂಕಿಗೆ ಹೂಡುತ್ತಾರೆ.

ಜಗತ್ತಿನ ಬೇರೆಡೆ ಕುದುರೆಯನ್ನು ಇನ್ನೂ ಗಿಡ್ಡ ಮಾಡಿದ್ದಾರೆ. ಅರ್ಜೆಂಟೀನಾದ ಫಲಬೆಲ್ಲಾ ದೊಡ್ಡ ನಾಯಿಗಿಂತ ತುಸು ಎತ್ತರ. ಅಮೆರಿಕದ ಚಿಕಣಿ ಕುದುರೆಗಳ ಸಂಘ 34 ಅಂಗುಲ ಮೀರಿದ್ದನ್ನು ದಾಖಲಿಸಿಕೊಳ್ಳುವುದೇ ಇಲ್ಲ. ಆಟಿಕೆಯಂಥ ಬಂಡಿಗೆ ಹೂಡಿ ಮೆರವಣಿಗೆ ಮಾಡಿಸುತ್ತಾರೆ. ನೋಡಲು ಮುದ್ದು. ಆದರೆ ಗಿಡ್ಡ ಕುದುರೆಗಳ ಹಿಂದಿನ ಸಂಗತಿ ಅಷ್ಟೇನೂ ಮುದ್ದಾದುದಲ್ಲ. ಬ್ರಿಟನ್ನಿನಲ್ಲಿ 1842ರ ಕಾಯ್ದೆ ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಕಲ್ಲಿದ್ದಲು ಗಣಿಯ ಒಳಗೆ ಇಳಿಸಬಾರದೆಂದು ತಡೆದ ಮೇಲೆ ಅವರು ಎಳೆಯುತ್ತಿದ್ದ ತಳ್ಳುಬಂಡಿಗಳಿಗೆ ಹೆಚ್ಚು ಹೆಚ್ಚು ಗಿಡ್ಡ ಕುದುರೆಗಳು ಬಂದವು. 1913ರ ಹೊತ್ತಿಗೆ ಸುಮಾರು 70,000 ಕುದುರೆಗಳು ನೆಲದಡಿ ದುಡಿಯುತ್ತಿದ್ದವು. ಎಷ್ಟೋ ಗಣಿಗಳಲ್ಲಿ ಲಾಯವೂ ಕತ್ತಲೆಯಲ್ಲೇ. ಮನುಷ್ಯರ ಮೇಲೆ ಹುಟ್ಟಿದ ಕರುಣೆಯ ಲೆಕ್ಕವನ್ನು ತೀರಿಸಿದ್ದು ಕುದುರೆ.

ಈ ಲೆಕ್ಕವನ್ನು ಕೇಳಿದವರು ಹಿಂದಿನವರಲ್ಲೂ ಉಂಟು, ಕೇಳದೆ ಬಿಟ್ಟವರೂ ಉಂಟು. ಕಠೋಪನಿಷತ್ತಿನ ರಥದಲ್ಲಿ ದೇಹವೇ ತೇರು, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಗ್ರೀಸಿನ ಪ್ಲೇಟೋನ ‘ಫೀಡ್ರಸ್’ ಸಂವಾದದಲ್ಲೂ ಆತ್ಮಕ್ಕೊಬ್ಬ ಸಾರಥಿ, ಎರಡು ಕುದುರೆ. ಪುಂಡ ಕುದುರೆಯ ಬಾಯಿ, ನಾಲಿಗೆ ರಕ್ತವಾಗುವಷ್ಟು ಅವನು ಲಗಾಮು ಜಗ್ಗುತ್ತಾನೆ. ಎರಡೂ ಕಡೆ ಕುದುರೆ ಎಂದರೆ ಅಂಕೆಯಲ್ಲಿಡಬೇಕಾದದ್ದು ಎಂದು ಮೊದಲೇ ತೀರ್ಮಾನವಾಗಿದೆ. ಉಪಮೆ ಎಷ್ಟು ಚೆಂದವೋ ಅಷ್ಟೇ ಅನುಕೂಲದ್ದೂ ಹೌದು. ನಿಜವಾದ ಲಗಾಮು ನಿಜವಾದ ನಾಲಿಗೆಗೆ ಏನು ಮಾಡುತ್ತದೆಂದು ಅಲ್ಲಿ ಯಾರೂ ನಿಂತು ಕೇಳುವುದಿಲ್ಲ.

ನಿಂತು ಕೇಳಿದವನು ಚೀನಾದ ಝುವಾಂಗ್‌ಜಿ. ಅವನ ಹೆಸರಿನ ಗ್ರಂಥದ ಒಂದು ಅಧ್ಯಾಯಕ್ಕೆ ಕುದುರೆಯ ಗೊರಸಿನದೇ ಹೆಸರು. ಕುದುರೆ ಪಳಗಿಸುವುದರಲ್ಲಿ ತನಗೆ ಸಮನಿಲ್ಲ ಎಂದ ಬೊ ಲೆ ಎಂಬಾತ ಬರೆ ಹಾಕಿ, ಗೊರಸು ಕೆತ್ತಿ, ಕಟ್ಟಿ, ಹಸಿವಿಗೆ ಕೆಡವಿ, ಓಡಿಸಿ ಮುಗಿಸುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಕುದುರೆಗಳು ಸತ್ತಿರುತ್ತವೆ. ಜಗತ್ತು ಮಾತ್ರ ಅವನನ್ನು ಜಾಣನೆಂದು ತಲೆಮಾರುಗಟ್ಟಲೆ ಹೊಗಳುತ್ತದೆ. ಇನ್ನೊಂದೆಡೆ ಅವನು ಪ್ರಕೃತಿ ಯಾವುದು, ಮನುಷ್ಯನ ಕೈವಾಡ ಯಾವುದು ಎಂದು ಬೇರ್ಪಡಿಸಲು ಕೊಡುವ ಉದಾಹರಣೆ ಕುದುರೆಗೆ ಹಾಕಿದ ಕಡಿವಾಣ ಮತ್ತು ಎತ್ತಿನ ಚುಚ್ಚಿದ ಮೂಗು. ಎರಡು ಸಾವಿರ ವರ್ಷದಾಚೆಯ ಆ ಮನುಷ್ಯ ಸಿಂದಗಿಯ ಹೊಲಕ್ಕೆ ಬಂದಿದ್ದರೆ ಹೋರಿಯ ಮೂಗಿಗೇ ಬೆರಳು ತೋರಿಸುತ್ತಿದ್ದ.

ಬುದ್ಧನ ಕಥೆ ಇದಕ್ಕಿಂತ ಸೂಕ್ಷ್ಮ. ಅಂಗುತ್ತರ ನಿಕಾಯದಲ್ಲಿ ಕೇಸಿ ಎಂಬ ಕುದುರೆ ಪಳಗಿಸುವವನು ಬುದ್ಧನ ಬಳಿ ಬರುತ್ತಾನೆ. ಹೇಗೆ ಕಲಿಸುತ್ತೀಯ ಎಂದರೆ, ಮೆತ್ತಗೆ, ಬಿರುಸಾಗಿ, ಎರಡೂ ಬೆರೆಸಿ ಎನ್ನುತ್ತಾನೆ. ಯಾವುದಕ್ಕೂ ಬಗ್ಗದಿದ್ದರೆ? ಕೊಂದುಬಿಡುತ್ತೇನೆ, ಗುರುವಿನ ಮನೆತನಕ್ಕೆ ಹೆಸರು ಕೆಡಬಾರದು ಎನ್ನುತ್ತಾನೆ. ತಾನೂ ಹಾಗೇ ಎನ್ನುತ್ತಾನೆ ಬುದ್ಧ. ಕೇಸಿ ಬೆಚ್ಚುತ್ತಾನೆ. ಬಗ್ಗದ ಶಿಷ್ಯನಿಗೆ ಹೇಳುವುದನ್ನು ನಿಲ್ಲಿಸುವುದೇ ಕೊಲ್ಲುವುದು ಎಂದು ಬುದ್ಧ ಆಮೇಲೆ ಬಿಡಿಸಿ ಹೇಳುತ್ತಾನೆ. ಗುರುವಿನ ಬಗ್ಗೆ ಈ ಕಥೆ ಏನು ಹೇಳಿದರೂ, ಕುದುರೆಯ ಬಗ್ಗೆ ಒಂದು ಮಾತನ್ನು ಮುಚ್ಚಿಡದೆ ಹೇಳಿಬಿಡುತ್ತದೆ: ಪಳಗದ ಪ್ರಾಣಿಗೆ ಮನುಷ್ಯರ ನಡುವೆ ಜಾಗವಿಲ್ಲ.

ಹಾಗಾದರೆ ಪಳಗಿದ್ದಕ್ಕೆ ಏನು ಸಲ್ಲಬೇಕು? ಇದನ್ನು ಹೆಚ್ಚು ಕಟ್ಟುನಿಟ್ಟಾಗಿ ಯೋಚಿಸಿದವರು ಜೈನರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಗೃಹಸ್ಥನ ಅಹಿಂಸಾವ್ರತಕ್ಕೆ ತಟ್ಟುವ ಐದು ದೋಷಗಳನ್ನು ಎಣಿಸುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅವಯವ ಕತ್ತರಿಸುವುದು, ತಾಳಲಾರದ ಹೊರೆ ಹೇರುವುದು, ಅನ್ನನೀರು ತಪ್ಪಿಸುವುದು. ಮೂರನೆಯದಕ್ಕೆ ಪೂಜ್ಯಪಾದರ ವ್ಯಾಖ್ಯಾನ ಕಿವಿ, ಮೂಗುಗಳನ್ನೇ ಹೆಸರಿಸುತ್ತದೆ. ವ್ರತಶಾಸ್ತ್ರದ ಮಾತಾದರೂ ಇದು ಓದಲು ಕೊಟ್ಟಿಗೆಯ ಕೈಪಿಡಿಯಂತಿದೆ. ಪರಾಶರಸ್ಮೃತಿಯ ಎರಡನೆಯ ಅಧ್ಯಾಯದ್ದು ಇನ್ನೊಂದು ಬಗೆಯ ಲೆಕ್ಕ. ಒಂದು ನೇಗಿಲಿಗೆ ಎಂಟು ಎತ್ತಿದ್ದರೆ ಅದು ಧರ್ಮದ ನೇಗಿಲು, ಆರಾದರೆ ಮಧ್ಯಮ, ನಾಲ್ಕಾದರೆ ಕ್ರೂರಿಗಳದ್ದು, ಎರಡೇ ಎತ್ತಿನಲ್ಲಿ ಉತ್ತವನು ಎತ್ತನ್ನು ಕೊಂದವನ ಸಾಲಿಗೆ ಸೇರಿದವನು. ಎಂಟೂ ಒಟ್ಟಿಗೆ ಎಳೆಯಬೇಕೆಂದಲ್ಲ, ಪಾಳಿಯಲ್ಲಿ ದಣಿವಾರಬೇಕೆಂದು. ಡೋಣಿ ಹೊಳೆಯ ಆಳವಾದ ಎರಿಮಣ್ಣಿನಲ್ಲಿ ದೊಡ್ಡ ನೇಗಿಲು ಹೊಡೆದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಎರಡೇ ಎತ್ತಿಟ್ಟುಕೊಂಡ ಬಡವ ಮಾತ್ರ ಸ್ಮೃತಿಯ ಪ್ರಕಾರ ಪಾಪಿಯೇ. ಧರ್ಮ ಎಷ್ಟೋ ಸಲ ಉಳ್ಳವರ ಅಳತೆಗೇ ಹೊಲಿದ ಅಂಗಿ.

ಸರ್ಕಾರವೂ ಇದೇ ದಾರಿ ಹಿಡಿದಿದೆ, ಬೇರೆ ಭಾಷೆಯಲ್ಲಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹಿಂಸೆಗಳ ಉದ್ದ ಪಟ್ಟಿ ಕೊಟ್ಟು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗು ಚುಚ್ಚುವುದನ್ನು ನಿಯಮದಂತೆ ಮಾಡಿದರೆ ತಪ್ಪಲ್ಲ ಎಂದು ಹೊರಗಿಟ್ಟಿತು. 2023ರಲ್ಲಿ ಬಂದ ನಿಯಮಗಳು ಬೀಜ ಒಡೆಯಲು ಪಶುವೈದ್ಯರೇ ಬೇಕು, ಅರಿವಳಿಕೆ ಕೊಡಬೇಕು ಎಂದವು. ಹೊರೆ ಎಳೆಯುವ ಪ್ರಾಣಿಗಳಿಗೆಂದೇ 1965ರ ನಿಯಮಗಳಿವೆ: ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚಿಲ್ಲ, ಬಿಡುವಿಲ್ಲದೆ ಐದು ತಾಸಿಗಿಂತ ಹೆಚ್ಚಿಲ್ಲ, ಮೊಳೆ ಕಟ್ಟಿದ ಕೋಲು ಕೂಡದು. ತಟ್ಟು ಎಳೆಯುವ ಎರಡು ಗಾಲಿಯ ಬಂಡಿಗೆ ರಬ್ಬರಿನ ಗಾಳಿಗಾಲಿ ಇದ್ದರೆ 600 ಕಿಲೊ, ಇಲ್ಲದಿದ್ದರೆ 400. ತಾಪ 37 ಡಿಗ್ರಿ ಮೀರುವ ಸೀಮೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಲೇಬಾರದು. ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವ ಈ ಜಿಲ್ಲೆಯಲ್ಲಿ ಒಕ್ಕಲಿಗರು ನಿಯಮ ಓದದೆಯೇ ಅದನ್ನು ಪಾಲಿಸುತ್ತಾರೆ. ಆ ಹೊತ್ತಿನಲ್ಲಿ ಗಿಡದ ನೆರಳು ಬಿಟ್ಟು ಹೊರಗೆ ಬರಲು ಮನುಷ್ಯನಿಗೇ ಆಗುವುದಿಲ್ಲ.

ಇಷ್ಟೆಲ್ಲ ಓದಿದರೂ ಮೊದಲಿನ ಪ್ರಶ್ನೆ ಅಲ್ಲೇ ಇರುತ್ತದೆ. ಎಷ್ಟು ಹೊರೆ, ಎಷ್ಟು ತಾಸು ಎಂಬುದಕ್ಕೆ ಉತ್ತರ ಸಿಕ್ಕಿತು. ಯಾವ ಹಕ್ಕಿನಿಂದ ಎಂಬುದಕ್ಕೆ ಸಿಗಲಿಲ್ಲ. ಅದಕ್ಕೆ ಉತ್ತರ ಬಾಗೇವಾಡಿಯ ಬಸವಣ್ಣನ ಸುತ್ತಲೇ ಇದೆ, ಅದೂ ವಚನಗಳ ಕಡೆಯ ಮಾತಿನಲ್ಲಿ, ಯಾರೂ ಅಷ್ಟಾಗಿ ನಿಲ್ಲದ ಅಂಕಿತದ ಜಾಗದಲ್ಲಿ.

ಕಲ್ಯಾಣದ ಶರಣರಲ್ಲಿ ದನ ಕಾಯುವವನೊಬ್ಬನಿದ್ದ, ತುರುಗಾಹಿ ರಾಮಣ್ಣ. ಅವನ ಅಂಕಿತ ಗೋಪತಿನಾಥ ವಿಶ್ವೇಶ್ವರಲಿಂಗ. ಗೋಪತಿ ಎಂದರೆ ದನಗಳ ಒಡೆಯ. ಹೊಲ ಉಳುವವನೊಬ್ಬನಿದ್ದ, ಒಕ್ಕಲಿಗ ಮುದ್ದಣ್ಣ. ಅವನ ಅಂಕಿತ ಕಾಮಭೀಮ ಜೀವಧನದೊಡೆಯ. ಜೀವಧನವೆಂದರೆ ದನಕರು. ಬೆತ್ತ ಹಿಡಿದವನೂ ಬಾರುಕೋಲು ಹಿಡಿದವನೂ, ಇಬ್ಬರೂ ದನದ ಒಡೆತನವನ್ನು ತಮ್ಮ ಹೆಸರಿಗೆ ಬರೆದುಕೊಳ್ಳಲಿಲ್ಲ. ದಿನವಿಡೀ ಎತ್ತಿನ ಬೆನ್ನ ಹಿಂದೆ ನಡೆದವನೊಬ್ಬ ಕಡೆಗೆ ರುಜು ಹಾಕುವಾಗ ಇದರ ಒಡೆಯ ಬೇರೊಬ್ಬನಿದ್ದಾನೆ ಎಂದು ಬರೆದದ್ದು ಬರೀ ಭಕ್ತಿಯ ಅಲಂಕಾರವೆನ್ನಲು ಮನಸ್ಸು ಬಾರದು.

ಇದರ ತೀರ ಹತ್ತಿರದ ಮಾತು ಮುಸ್ಲಿಮರಲ್ಲೂ ಇದೆ. ಸವಾರಿಗೆ ಹತ್ತುವಾಗ ಹೇಳಿಕೊಳ್ಳುವ ಪ್ರಾರ್ಥನೆ ಕುರಾನಿನ 43ನೇ ಅಧ್ಯಾಯದಿಂದ ಬಂದದ್ದು. ಇದನ್ನು ನಮಗೆ ವಶ ಮಾಡಿಕೊಟ್ಟವನು ಅಲ್ಲಾಹು, ನಮ್ಮ ಶಕ್ತಿಯಿಂದ ಆಗುವ ಕೆಲಸವಲ್ಲ ಎಂಬುದು ಅದರ ತಾತ್ಪರ್ಯ. ತನ್ನನ್ನು ಹಸಿವಿಗೆ ಕೆಡವಿ ಅತಿಯಾಗಿ ದುಡಿಸುವ ಒಡೆಯನ ಮೇಲೆ ಒಂಟೆಯೊಂದು ಕಣ್ಣೀರಿಟ್ಟು ಪ್ರವಾದಿಯವರಲ್ಲಿ ದೂರಿದ ಪ್ರಸಂಗ ಅಬೂದಾವೂದರ ಹದೀಸ್ ಸಂಗ್ರಹದಲ್ಲಿದೆ. ಟಾಂಗಾದ ಮೇಲೆ ಕೂತು ಈ ಪ್ರಾರ್ಥನೆ ಹೇಳಿಕೊಂಡವನು ತಾನು ಪಳಗಿಸಿದೆ ಎಂದು ಬೀಗುವಂತಿಲ್ಲ. ಪಳಗಿದ್ದು ಕುದುರೆಯ ದೊಡ್ಡತನ, ಕೊಟ್ಟದ್ದು ದೇವರ ದೊಡ್ಡತನ. ನಡುವೆ ಲಗಾಮು ಹಿಡಿದವನದು ಕಡದ ಸಂಬಂಧ. ಅವನು ಕಡ ತಂದುಕೊಂಡಿದ್ದಾನೆ.

ಕಡ ತಂದದ್ದನ್ನು ತಿರುಗಿ ಕೊಡಬೇಕು. ಯಾವಾಗ? ಉತ್ತರ ಕರ್ನಾಟಕದ ಒಕ್ಕಲುತನಕ್ಕೆ ಇದಕ್ಕೊಂದು ಹೊತ್ತೇ ಇದೆ, ಅದಕ್ಕೊಂದು ಮಾತೂ ಇದೆ: ಕೊಳ್ಳು ಹರಿಯುವುದು. ಗಳೆ ನಿಲ್ಲಿಸಿ ಎತ್ತಿನ ಕೊರಳಿನ ಜತ್ತಿಗೆ ಬಿಚ್ಚಿ ನೊಗದಿಂದ ಹೊರಗೆ ಬಿಡುವುದಕ್ಕೆ ಹಾಗೆನ್ನುತ್ತಾರೆ. ‘ಬಿಚ್ಚುವುದು’ ಎನ್ನಬಹುದಿತ್ತು, ‘ಇಳಿಸುವುದು’ ಎನ್ನಬಹುದಿತ್ತು. ಹರಿಯುವುದು ಎಂದರು; ಕಟ್ಟು ಹರಿದ ಹಾಗೆ, ಬೆಳಕು ಹರಿದ ಹಾಗೆ. ಎತ್ತಿನ ಕೊಳ್ಳು ಹರಿಯದೆ ತಾನು ಬುತ್ತಿ ಬಿಚ್ಚಿದವನನ್ನು ನೆರೆಹೊಲದವರು ಒಂದು ಕಣ್ಣಿನಿಂದ ನೋಡುತ್ತಾರೆ. ಊರಲ್ಲಿ ಯಾವ ಶಾಸ್ತ್ರವೂ ಇಷ್ಟು ಬೇಗ ಜಾರಿಗೆ ಬರುವುದಿಲ್ಲ.

ಇದೇ ಹರಿಯುವಿಕೆ ವರ್ಷಕ್ಕೊಮ್ಮೆ ಹಬ್ಬವಾಗುತ್ತದೆ. ಜ್ಯೇಷ್ಠದ ಹುಣ್ಣಿಮೆ ಕಾರಹುಣ್ಣಿಮೆ. ಅದರ ಹಿಂದಿನ ದಿನ ಹೊನ್ನುಗ್ಗಿ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೋಡಣಸು ಸಿಕ್ಕಿಸಿ, ಬೆನ್ನಿಗೆ ಜೂಲ ಹೊದಿಸಿ, ಕೊರಳಿಗೆ ಗೆಜ್ಜೆ ಕಟ್ಟುತ್ತಾರೆ. ಗೊಟ್ಟದಲ್ಲಿ ಎಣ್ಣೆ, ತತ್ತಿ ಕುಡಿಸುವವರೂ ಉಂಟು. ಆ ದಿನ ಗಳೆ ಇಲ್ಲ, ಚಕ್ಕಡಿ ಇಲ್ಲ. ಸಂಜೆ ಅಗಸಿಯ ಮುಂದೆ ಅಡ್ಡ ಕಟ್ಟಿದ ಹಗ್ಗವನ್ನು ಎತ್ತು ಓಡಿಸಿ ಹರಿಸುತ್ತಾರೆ, ಅದೇ ಕರಿ ಹರಿಯುವುದು: ಓಡಿ ಬಂದು ಕರಿ ಹರಿದ ಎತ್ತು ಬಿಳಿದಾದರೆ ಬಿಳಿಜೋಳದಂಥ ಬಿಳಿ ಬೆಳೆ, ಕೆಂದಾದರೆ ಕೆಂಪು ಬೆಳೆ ಆ ವರ್ಷ ಬರುತ್ತದೆಂದು ನಂಬಿಕೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಎರಿಮಣ್ಣಿನಲ್ಲೇ ಜೋಡೆತ್ತು ಮಾಡಿ, ಮುಂದೊಂದು ಮಣ್ಣಿನ ಗ್ವಾದಲಿ ಇಟ್ಟು, ಹೋಳಿಗೆ ಎಡೆ ಹಿಡಿಯುತ್ತಾರೆ. ದುಡಿಯುವ ಎತ್ತಿಗೂ ಅದು ದುಡಿಯುವ ಮಣ್ಣಿಗೂ ಒಂದೇ ಪೂಜೆ.

ಹಬ್ಬವನ್ನು ಹೊಗಳುವುದು ಸುಲಭ. 364 ದಿನದ ಪೆಟ್ಟಿಗೆ ಒಂದು ದಿನದ ಬಣ್ಣ ಲಂಚವಲ್ಲವೇ ಎಂದು ಕೇಳುವವರೂ ಇದ್ದಾರೆ. ಹೊಡೆಯುವವನ ಮನೆಯಲ್ಲಿ ಅದು ಲಂಚವೇ. ಕಾರಹುಣ್ಣಿಮೆಯ ಎತ್ತಿನ ಹೆಗಲ ಮೇಲಿನ ಜೂಲವನ್ನು ಸರಿಸಿ ನೋಡಿದರೆ ಗೊತ್ತಾಗುತ್ತದೆ: ಸರಿಯಾಗಿ ಕೂತ ನೊಗ ತೊಗಲನ್ನು ಗಟ್ಟಿ ಮಾಡಿರುತ್ತದೆ, ತಪ್ಪು ನೊಗ ಹುಣ್ಣು ಮಾಡಿರುತ್ತದೆ. ಯಾವ ಮನೆಯ ಪೂಜೆ ಯಾವ ಬಗೆಯದೆಂದು ಹೆಗಲೇ ಹೇಳಿಬಿಡುತ್ತದೆ.

ಈ ನಡುವೆ ಪ್ರಶ್ನೆಯೇ ತಲೆಕೆಳಗಾಗಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 6.8 ಕೋಟಿ ಗಂಡು ದನಗಳಿದ್ದವು, 2019ರಲ್ಲಿ 4.7 ಕೋಟಿ. ಹಸುಗಳು ಅದೇ ಏಳು ವರ್ಷದಲ್ಲಿ ಹೆಚ್ಚಿದವು. ಕುದುರೆ, ತಟ್ಟುಗಳು ಇದೇ ಅವಧಿಯಲ್ಲಿ ಸುಮಾರು 6.25 ಲಕ್ಷದಿಂದ 3.4 ಲಕ್ಷಕ್ಕೆ ಇಳಿದವು. ಟ್ರ್ಯಾಕ್ಟರ್ ಬಂತು, ಆಟೊ ಬಂತು, ನೊಗ ಇಳಿಯಿತು. ಪ್ರಾಣಿದಯೆಯ ಲೆಕ್ಕದಲ್ಲಿ ಇದು ಗೆಲುವೇ ಇರಬೇಕಿತ್ತು. ಆದರೆ ನೊಗ ಹೊರದ ಹೋರಿಗರುವಿಗೆ ಕಣಿಕೆ ಹಾಕುವವರು ಯಾರು? 2020ರ ಕರ್ನಾಟಕದ ಕಾಯ್ದೆ ದನ ಕಡಿಯುವುದನ್ನು ನಿಷೇಧಿಸಿದೆ. ಸಾಕಬೇಕು ಎಂದು ಯಾವ ಕಾಯ್ದೆಯೂ ಒಕ್ಕಲಿಗನ ಜೇಬಿಗೆ ದುಡ್ಡು ಹಾಕುವುದಿಲ್ಲ. ಕೇಸಿಯ ಕುದುರೆ ಪಳಗದಿದ್ದರೆ ಜಾಗ ಕಳೆದುಕೊಳ್ಳುತ್ತಿತ್ತು. ಈಗ ಹೋರಿ, ಪಳಗಿಸುವವರೇ ಇಲ್ಲದೆ ಅದನ್ನು ಕಳೆದುಕೊಳ್ಳುತ್ತಿದೆ. ಕಡ ತೀರಿಸಬೇಕಾದವನು ಸಾಲ ಕೊಟ್ಟವನ ಕಣ್ಣಿಗೆ ಬೀಳದೆ ಊರು ಬಿಟ್ಟ ಹಾಗಿದೆ ಇದು.

ಕಿಲಾರಿ ತಳಿಯ ಎತ್ತಿನ ಜೋಡಿಗೆ ಇನ್ನೂ ಲಕ್ಷದ ಮಾತು ಕೇಳಿಬರುವುದು ಹೆಚ್ಚಾಗಿ ಪಣಕ್ಕಾಗಿ. ಗಾಲಿ ತಿರುಗದಂತೆ ಕಟ್ಟಿದ ಬಂಡಿಯನ್ನು ಗೊತ್ತಾದ ಹೊತ್ತಿನಲ್ಲಿ ಎಷ್ಟು ದೂರ ಎಳೆಯುತ್ತವೆಂದು ನೋಡುವ ತೆರೆಬಂಡಿ ಜಾತ್ರೆಗಳಲ್ಲಿ ಜನ ಕಿಕ್ಕಿರಿಯುತ್ತಾರೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಗಾಡಿ ಓಟಗಳನ್ನು ತಡೆದು ಪ್ರಾಣಿಗೂ ಘನತೆಯಿದೆ ಎಂದಿತು. ಕರ್ನಾಟಕ 2017ರಲ್ಲಿ ಕಂಬಳ, ಎತ್ತಿನ ಗಾಡಿ ಓಟಗಳಿಗೆಂದು ಕಾಯ್ದೆ ತಿದ್ದಿತು. 2023ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಐವರ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿದು, ಪ್ರಾಣಿಗೆ ಮೂಲಭೂತ ಹಕ್ಕು ಉಂಟೆನ್ನಲು ಪೂರ್ವನಿದರ್ಶನವಿಲ್ಲ ಎಂದಿತು. ಹಕ್ಕಿನ ಭಾಷೆಯಲ್ಲಿ ಅಷ್ಟೇ ಹೇಳಲು ಸಾಧ್ಯವಿತ್ತೇನೋ. ಋಣದ ಭಾಷೆಗೆ ಬೇರೆ ಕಿವಿ ಬೇಕು. ಗಾಲಿ ಕಟ್ಟಿದ ಬಂಡಿಯಿಂದ ಯಾರ ಹೊಲಕ್ಕೂ ಗೊಬ್ಬರ ಹೋಗುವುದಿಲ್ಲ. ತಿರುಗದ ಗಾಲಿ ಯಾವ ಹೊಟ್ಟೆಗೂ ಅನ್ನವಾಗುವುದಿಲ್ಲ. ಉಳುವವನ ಕಡಕ್ಕೆ ಇದ್ದ ಸಮರ್ಥನೆ ಇಲ್ಲಿ ಸಿಗುವುದು ಕಷ್ಟ. ಆದರೂ ಪಣದ ಎತ್ತಿಗೆ ಮಾಡುವ ಆರೈಕೆ ಎಷ್ಟೋ ಮನೆಯ ದುಡಿಯುವ ಎತ್ತಿಗೆ ಸಿಗದು ಎಂಬುದೂ ಸುಳ್ಳಲ್ಲ.

ಸಿಂದಗಿಯ ಆ ಹೊಲದಲ್ಲಿ ಸೂರ್ಯ ಒಂದು ಮಾರು ಮೇಲೇರುವ ಹೊತ್ತಿಗೆ ಹೋರಿ ಕೊರಡು ಎಳೆದುಕೊಂಡು ಎರಡು ಸುತ್ತು ಬಂದಿರುತ್ತದೆ. ಇನ್ನೊಂದು ಸುತ್ತು ಹೊಡೆಯೋಣವೆಂದು ಹುಡುಗನಿಗೆ ಆಸೆ.

“ಸಾಕು. ಚಲೋ ನಡದಾಗ್ಲೇ ಬಿಡಬೇಕು. ದಣಿದ ಮ್ಯಾಲೆ ಬಿಟ್ರ ನಾಳಿ ನೊಗ ಕಂಡ್ರ ಅದಽ ದಣಿವ ನೆಪ್ಪಾಗ್ತದ.”

ಮುತ್ಯಾ ಮೊದಲು ಹೋರಿಯ ಜತ್ತಿಗೆ ಬಿಚ್ಚುತ್ತಾನೆ, ಆಮೇಲೆ ಹಳೆಯ ಎತ್ತಿನದು. ನೊಗ ನೆಲಕ್ಕಿಳಿಯುತ್ತದೆ. ಹೋರಿ ನಾಲ್ಕು ಹೆಜ್ಜೆ ಜಿಗಿದು, ನಿಂತು, ತಿರುಗಿ ನೋಡುತ್ತದೆ. ಹಳೆಯ ಎತ್ತು ಮಾತ್ರ ನೊಗವಿದ್ದ ಜಾಗದಲ್ಲೇ, ಕೊರಳು ತುಸು ಬಗ್ಗಿಸಿಕೊಂಡು, ಇನ್ನೂ ಎರಡು ಗಳಿಗೆ ಹಾಗೇ ನಿಂತಿರುತ್ತದೆ. ಮುತ್ಯಾ ಅದರ ಹೆಗಲಿನ ಬೆವರನ್ನು ಅಂಗೈಯಿಂದ ಸವರಿ, ಹಗ್ಗವನ್ನು ಅದರ ಕೋಡಿಗೇ ಸುತ್ತಿ ಬಿಟ್ಟುಬಿಡುತ್ತಾನೆ. ಹಿಡಿದು ನಡೆಸಬೇಕಿಲ್ಲ. ಅದು ಊರಿನ ದಾರಿ ಹಿಡಿಯುತ್ತದೆ, ಹೋರಿ ಅದರ ಹಿಂದೆ.